‘ಹೂಂ ರೀ ಸರ್’ ಎನ್ನುವ ಹುಡುಗರು

ಪ್ರಶ್ನೆ: ಪುಣೆಯ ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್. ಕೈಕೆಳಗೆ ಒಂಬತ್ತು ಟ್ರೇನಿಗಳಿದ್ದಾರೆ. ನಾಲ್ವರು ನಮ್ಮ ವಿಜಯಪುರ, ಕಲಬುರಗಿ ಕಡೆಯವರು. ಏನು ಹೇಳಿಕೊಟ್ಟರೂ ‘ಹೂಂ ರೀ ಸರ್’ ಎನ್ನುತ್ತಾರೆಯೇ ಹೊರತು ಸಂಶಯ ಕೇಳುವುದಿಲ್ಲ. ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ ಬೋರಿಂಗ್ (ಪೀಸಿನ ರಂಧ್ರವನ್ನು ಅಳತೆಗೆ ಕೊರೆಯುವ ಕೆಲಸ) ಮಾಡುತ್ತಿದ್ದ ಹುಡುಗ, ರಂಧ್ರದ ಅಳತೆ ನೋಡುವ ಗೇಜು ಬಿಗಿಯಾಗುತ್ತಿರುವುದು ತಿಳಿದಿದ್ದರೂ ಸುಮ್ಮನಿದ್ದ. ಬೆಳಿಗ್ಗೆ 140 ಪೀಸುಗಳನ್ನು ಮತ್ತೆ ಮಷಿನ್‌ಗೆ ಹಾಕಬೇಕಾಯಿತು. ಸಲಿಗೆ ಕೊಟ್ಟರೆ ಶಿಸ್ತು ಕೆಡುತ್ತದೆ ಎಂಬುದು ನಮ್ಮ ಮ್ಯಾನೇಜರ ಅಭಿಪ್ರಾಯ. ನಾನೇನು ಮಾಡಲಿ?
— ಓದುಗರೊಬ್ಬರು, ಪುಣೆ

ಉತ್ತರ: ಗೇಜು ಬಿಗಿಯಾದದ್ದು ಆ ಹುಡುಗನ ಬೆರಳಿಗೆ ತಿಳಿದಿತ್ತು ಎಂಬುದನ್ನು ಮೊದಲು ಗಮನಿಸಿ. ಅವನಿಗೆ ಕೆಲಸ ಬಾರದೆ ಇರಲಿಲ್ಲ. ನಡುರಾತ್ರಿ ನಿಮ್ಮನ್ನು ಕರೆದು, ಕೊನೆಗೆ ಅದು ಏನೂ ಅಲ್ಲವೆಂದಾದರೆ ತನ್ನ ಗತಿಯೇನು ಎಂಬ ಅಳುಕು ಇತ್ತು. ಹಿರಿಯರಿಗೆ ತಿರುಗಿ ಪ್ರಶ್ನೆ ಹಾಕುವುದನ್ನೂ ‘ಎದುರುತ್ತರ’ದ ಲೆಕ್ಕಕ್ಕೇ ಸೇರಿಸುವ ಮನೆಗಳಿಂದ ಬಂದ ಮಕ್ಕಳಿಗೆ ‘ಗೊತ್ತಾಯಿತೇ?’ ಎಂದು ಕೇಳಿದರೆ, ‘ಹೂಂ’ ಎನ್ನುವುದೊಂದೇ ಮರ್ಯಾದೆಯ ಉತ್ತರವಾಗುತ್ತದೆ. ಆದ್ದರಿಂದ ಹಾಗೆ ಕೇಳುವುದನ್ನು ಬಿಡಿ. ಮಷಿನ್ ಬಳಿ ನಿಂತು, ‘ಮೊದಲ ಪೀಸಿಗೂ ಇಪ್ಪತ್ತನೆಯದಕ್ಕೂ ಗೇಜು ಹೋಗುವುದರಲ್ಲಿ ಏನು ವ್ಯತ್ಯಾಸ ಕಂಡೆ?’ ಎಂದು ಕೇಳಿ, ಅವನು ಮಾತು ಮುಗಿಸುವವರೆಗೆ ಕಾಯಿರಿ. ಲೋಹ ಕೊರೆಯುವ ಅಲಗು (ಇನ್ಸರ್ಟ್) ಸವೆದದ್ದನ್ನು ಗಮನಿಸದೆ ನೀವೇ ಹಿಂದೆ ಕೆಲಸ ಕೆಡಿಸಿದ್ದು ಇದ್ದರೆ ಅದನ್ನೂ ಹೇಳಿ. ಮೇಲಿನವರು ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಕೆಳಗಿನವರಿಗೆ ಧೈರ್ಯ ಬರುವುದು.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಅವರು ತಯಾರಿಕಾ ಕಂಪನಿಯೊಂದರ 51 ತಂಡಗಳನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತಪ್ಪು ಹೇಳಿಕೊಂಡರೆ ಅವಮಾನವಾಗದು ಎಂಬ ನಂಬಿಕೆಯಿದ್ದ ತಂಡಗಳೇ ಹೆಚ್ಚು ಕಲಿಯುತ್ತಿದ್ದವು, ಆ ನಂಬಿಕೆಯಲ್ಲಿ ಮುಂದಾಳಿನ ನಡವಳಿಕೆಯ ಪಾಲು ದೊಡ್ಡದಿತ್ತು ಎಂದು ತೋರಿಸಿದರು. ಅದಕ್ಕೂ ಮೊದಲು ಆಸ್ಪತ್ರೆಗಳಲ್ಲಿ ಅವರಿಗೆ ವಿಚಿತ್ರವಾದ ಸಂಗತಿಯೊಂದು ಕಂಡಿತ್ತು: ಒಳ್ಳೆಯ ಮೇಲ್ವಿಚಾರಣೆಯಿದ್ದ ವಾರ್ಡುಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು, ಏಕೆಂದರೆ ಅಲ್ಲಿ ಯಾರೂ ಅವನ್ನು ಮುಚ್ಚಿಡುತ್ತಿರಲಿಲ್ಲ. ನಿಮ್ಮ ಲೈನಿನಲ್ಲೂ ಮೊದಲ ಕೆಲವು ವಾರ ದೂರುಗಳು ಹೆಚ್ಚಬಹುದು. ಈ ಮಾತನ್ನು ಮ್ಯಾನೇಜರಿಗೆ ಈಗಲೇ ತಿಳಿಸಿಡಿ.

ಶಿಸ್ತಿನ ಬಗ್ಗೆ ಅವರಿಗಿರುವ ಆತಂಕ ಸುಳ್ಳಲ್ಲ, ಆದರೆ ಅದಕ್ಕೆ ಪರಿಹಾರ ಮೌನವಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ವಿಮಾನ ದುರಂತವನ್ನು ನಮ್ಮವರು ಮರೆಯುವಂತಿಲ್ಲ. ಇಳಿಯುವುದನ್ನು ಕೈಬಿಟ್ಟು ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರೂ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರೆಂದು ತನಿಖಾ ವರದಿ ದಾಖಲಿಸಿದೆ. ಅಂದರೆ ಕಿರಿಯನು ಬಾಯಿಬಿಟ್ಟರಷ್ಟೇ ಸಾಲದು. ಅವನ ಮಾತಿಗೆ ಕೆಲಸ ನಿಲ್ಲಬೇಕೆಂಬ ಕಟ್ಟಳೆ ಮೊದಲೇ ಇರಬೇಕು. ಟೊಯೋಟಾ ಕಾರ್ಖಾನೆಗಳಲ್ಲಿ ಸಂಶಯ ಬಂದ ಕೆಲಸಗಾರ ಹಗ್ಗ ಎಳೆದರೆ ಅಥವಾ ಗುಂಡಿ ಒತ್ತಿದರೆ ತಂಡದ ಮುಂದಾಳು ಅವನ ಬಳಿಗೇ ಓಡಿ ಬರುತ್ತಾನೆ, ಆ ಹಂತದ ಕೆಲಸದ ಅವಧಿ ಮುಗಿಯುವಷ್ಟರಲ್ಲಿ ತೊಂದರೆ ಬಗೆಹರಿಯದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ. ಅಲ್ಲಿ ಅಧಿಕಾರದ ಮೆಟ್ಟಿಲುಗಳೂ ಇವೆ, ಶಿಸ್ತೂ ಇದೆ.

ಥಾಣೆಯ ಕಾರ್ಖಾನೆಯೊಂದರಲ್ಲಿ ನಾನು ಹೊಸಬನಾಗಿದ್ದಾಗ, ಡ್ರಾಯಿಂಗಿನಲ್ಲಿ ಒಂದು ಅಳತೆ ತಪ್ಪಿದೆ ಎಂದದ್ದಕ್ಕೆ ಮೇಲಧಿಕಾರಿಯೊಬ್ಬರು ‘ನನಗೇ ಕಲಿಸುತ್ತೀಯಾ?’ ಎಂದು ಎಲ್ಲರೆದುರು ಗದರಿದ್ದರು. ಅಳತೆ ನಿಜಕ್ಕೂ ತಪ್ಪಿತ್ತು. ಆದರೂ ಮುಂದಿನ ಎರಡು ವರ್ಷ ನಾನು ಅವರ ಮುಂದೆ ಬಾಯಿ ತೆರೆಯಲಿಲ್ಲ.

ಗೇಜು ಬಿಗಿಯಾದರೆ ಯಾರನ್ನೂ ಕೇಳದೆ ಮಷಿನ್ ನಿಲ್ಲಿಸಿ ಕರೆಯಬಹುದು ಎಂದು ನಾಳೆ ಶಿಫ್ಟ್ ಆರಂಭದಲ್ಲಿ ಒಂಬತ್ತು ಜನರಿಗೂ ಹೇಳಿ. ಆ ಹುಡುಗನನ್ನು ಕ್ಯಾಬಿನ್‌ಗೆ ಕರೆಸಬೇಡಿ. ಅವನಿರುವಲ್ಲಿಗೇ ಹೋಗಿ ಮಾತನಾಡಿ. ಮೊದಲ ಬಾರಿ ಯಾರಾದರೂ ಕರೆದಾಗ ಪೀಸು ಸರಿಯಾಗಿಯೇ ಇದ್ದರೆ, ‘ಕರೆದದ್ದು ಒಳ್ಳೆಯದಾಯಿತು’ ಎಂದು ಉಳಿದವರಿಗೂ ಕೇಳಿಸುವಂತೆ ಹೇಳಿ. ಆಗ ನಿಮ್ಮ ಮುಖದಲ್ಲಿ ಏನು ಕಾಣುತ್ತದೆಂದು ಒಂಬತ್ತು ಜನರೂ ನೋಡುತ್ತಿರುತ್ತಾರೆ.