ಜಮ್ಮಾ ತೋಟ ನಂಬಿಕೊಂಡು ಜರ್ಮನಿಗೆ ಓದಲು ಹೋಗಬಹುದೇ?

ಮಡಿಕೇರಿಯಲ್ಲಿ ಬಿ.ಎಸ್ಸಿ ಕೊನೆಯ ವರ್ಷ, ಮನೆಯಲ್ಲಿ ಐದು ಎಕರೆ ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಹಿಡುವಳಿ) ಕಾಫಿ ತೋಟ, ಸಾಲ ಮಾಡಿ ಜರ್ಮನಿಯಲ್ಲಿ ಎಂ.ಎಸ್ಸಿ ಓದಲೇ ಎಂದು ಕೇಳಿದ್ದೀರಿ. ಕಾಲೇಜು ಹುಡುಕುವ ಮೊದಲು ಪಹಣಿ ತೆಗೆಸಿ ನೋಡಿ. ಅದರಲ್ಲಿ ತೀರಿಹೋದ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರು, ಒಕ್ಕದ (ಒಂದೇ ಮನೆತನದ) ಹತ್ತಾರು ಮಂದಿಯ ಹೆಸರು ಜಂಟಿಯಾಗಿದ್ದರೆ ಬ್ಯಾಂಕಿನವರು ಅಡಮಾನಕ್ಕೆ ಒಪ್ಪುವುದು ಕಷ್ಟ. ಪಾಲಾಗಿ ತಂದೆಯ ಹೆಸರಿಗೇ ಬಂದಿದ್ದರೂ ಎಷ್ಟೋ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಮುಟ್ಟುವುದಿಲ್ಲ; ಪೇಟೆಯ ಮನೆ, ಸೈಟು ಅಥವಾ ಎಫ್‌ಡಿ ಕೇಳುತ್ತವೆ. ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಈ ಅಡಮಾನದ ಪ್ರಶ್ನೆ ಬಂದೇ ಬರುತ್ತದೆ.

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಇದೆ. ಆದರೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ಒಮ್ಮೆಗೇ ತೆಗೆಯಲಾಗದ ಖಾತೆ) ವರ್ಷದ 11,904 ಯೂರೋ ಮೊದಲೇ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಅದು ಬರೀ ಊಟ, ಬಾಡಿಗೆಯ ಲೆಕ್ಕ, ಅದೂ ಒಂದೇ ವರ್ಷದ್ದು. ಎರಡನೇ ವರ್ಷದ್ದನ್ನು ಪಾರ್ಟ್‌ಟೈಮ್ ಕೆಲಸದ ಮೇಲೆ ಹಾಕಬೇಡಿ. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅವಕಾಶವಿದ್ದರೂ, ಜರ್ಮನ್ ಬಾರದವರಿಗೆ ಕೆಲಸ ಸಿಗುವುದು ತಡ.

ಎಡವುವುದು ಹೆಚ್ಚಾಗಿ ಸಮಯದಲ್ಲಿ. ರೊಬಸ್ಟಾ ಕಾಫಿ ಕುಯ್ದು, ಒಣಗಿಸಿ, ಮಾರಿದ ದುಡ್ಡು ಬೇಸಿಗೆಯಲ್ಲಿ ಬರುತ್ತದೆ. ಅಕ್ಟೋಬರಿನ ತರಗತಿಗೆ ವೀಸಾ ಓಡಾಟ ಮಳೆಗಾಲದಲ್ಲಿ. ಅಷ್ಟರೊಳಗೆ ಗೊಬ್ಬರಕ್ಕೆ, ಕೂಲಿಗೆ ಆ ದುಡ್ಡು ಖಾಲಿ! ಮಾರಿದ ವಾರವೇ ಎತ್ತಿಡಿ. ಎಪಿಎಸ್ ಪ್ರಮಾಣಪತ್ರಕ್ಕೆ (ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ಜರ್ಮನಿಯ ಕಡೆಯವರು ಪರಿಶೀಲಿಸಿ ಕೊಡುವ ಪತ್ರ) ಐದನೇ ಸೆಮಿಸ್ಟರಿನ ಅಂಕಪಟ್ಟಿ ಕೈಗೆ ಬಂದ ಕೂಡಲೇ ಅರ್ಜಿ ಹಾಕಿ, ಅದಿಲ್ಲದೆ ವೀಸಾ ಅರ್ಜಿ ಮುಂದಕ್ಕೆ ಹೋಗದು.