ಸೋಲಾರ್ ಹಾಕುವ ಮುನ್ನ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಎಲ್ಲಿದೆ ನೋಡಿ

ಪೀಣ್ಯದ ಶೆಡ್‌ಗೆ 30 ಕಿಲೋವಾಟ್ ಸೋಲಾರ್ ಹಾಕಿಸಿ, ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್ ಇದ್ದಂತೆಯೇ ಬಿಟ್ಟು, ಜನರೇಟರ್ ಮಾರುತ್ತೇನೆ ಎಂದಿದ್ದೀರಿ. ಸರ್, ದಯವಿಟ್ಟು ತಡೆಯಿರಿ. ಹೀಗೆಯೇ ಮಾಡಿ ಕೈಸುಟ್ಟುಕೊಂಡವರ ಪ್ಯಾನೆಲ್‌ಗಳನ್ನು ಬಿಚ್ಚಿ ಸರಿಪಡಿಸಿದ್ದೇನೆ.

ನಿಮ್ಮ ಲೋಡ್ 40 ಕಿಲೋವಾಟ್, ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.95 ಇದೆ ಎನ್ನಿ. ಆಗ ಲೈನಿನಿಂದ ಸುಮಾರು 13 ಕೆವಿಎಆರ್ (ಮೋಟರ್‌ಗಳಿಗೆ ಬೇಕಾದ, ಆದರೆ ಕೆಲಸ ಮಾಡದ ರಿಯಾಕ್ಟಿವ್ ಪವರ್) ಬರುತ್ತಿರುತ್ತದೆ. ಮಧ್ಯಾಹ್ನ ಸೋಲಾರ್ 30 ಕಿಲೋವಾಟ್ ಕೊಟ್ಟರೆ ಲೈನಿನಿಂದ ಬರುವುದು 10 ಕಿಲೋವಾಟ್ ಮಾತ್ರ. ಆದರೆ ಆ 13 ಕೆವಿಎಆರ್ ಕದಲುವುದಿಲ್ಲ. ಮೀಟರ್ ಕಣ್ಣಿಗೆ ಪವರ್ ಫ್ಯಾಕ್ಟರ್ 0.61! ಬಿಲ್ಲಿನಲ್ಲಿ ದಂಡ ಬಂದಾಗ ಸೋಲಾರ್ ಮೋಸ ಎಂದು ಕೂಗಾಡುವವರು ಇದನ್ನು ಗಮನಿಸದವರೇ. ಕರೆಂಟ್ ಅಳೆದು ಕೆಪಾಸಿಟರ್ ರಿಲೇಗೆ ತಿಳಿಸುವ ಸಿಟಿಯನ್ನು ಸೋಲಾರ್ ಸೇರುವ ಜಾಗಕ್ಕಿಂತ ಮೊದಲು, ಮೀಟರ್ ಕಡೆಯ ಇನ್‌ಕಮರ್ (ಒಳಬರುವ ಮುಖ್ಯ ಲೈನ್) ಮೇಲೆಯೇ ಕೂರಿಸಿ. ಯಂತ್ರಗಳ ಕಡೆ ಇದ್ದರೆ ಕೆಪಾಸಿಟರ್‌ಗಳನ್ನು ಆನ್ ಆಫ್ ಮಾಡುವ ಆ ರಿಲೇ 0.95 ತೋರಿಸಿಕೊಂಡು ಸುಮ್ಮನಿರುತ್ತದೆ. ಭಾನುವಾರ ಶೆಡ್ ಮುಚ್ಚಿ ವಿದ್ಯುತ್ ಹೊರಗೆ ಹೋಗುವುದಿದ್ದರೆ ವಿದ್ಯುತ್ ಒಳಬಂದರೂ ಹೊರಹೋದರೂ ಸರಿಯಾಗಿ ಓದುವ ನಾಲ್ಕು ಕ್ವಾಡ್ರಂಟ್ ರಿಲೇಯೇ ಬೇಕು. ಸಿಟಿ ತೀರಾ ದೊಡ್ಡದಿದ್ದರೂ ಸಣ್ಣ ಕರೆಂಟನ್ನು ರಿಲೇ ಗುರುತಿಸದು. ಕೆಪಾಸಿಟರ್ ಸ್ಟೆಪ್‌ಗಳು (ರಿಲೇ ಒಮ್ಮೆಗೆ ಸೇರಿಸುವ ಗುಂಪುಗಳು) ಚಿಕ್ಕವಿರಲಿ. ಕೆಪಾಸಿಟರ್‌ಗೆ ನನ್ನ ಮತ ಎಪ್ಕೋಸ್ ಬ್ರಾಂಡ್‌ಗೆ. ಹೆಸರಿಲ್ಲದ ಅಗ್ಗದ ಮಾಲು ಬೇಡವೇ ಬೇಡ. ವಿಎಫ್‌ಡಿಗಳು (ಮೋಟರ್ ವೇಗ ಬದಲಿಸುವ ಡ್ರೈವ್‌ಗಳು) ಹೆಚ್ಚಿದ್ದರೆ ಕೆಪಾಸಿಟರ್ ಕಾಯುವ ರಿಯಾಕ್ಟರ್ ಜೊತೆಗಿರಲಿ.

ಜನರೇಟರ್ ಮಾರಬೇಡಿ. ಕರೆಂಟ್ ಹೋದ ಕ್ಷಣ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್ ಇನ್ವರ್ಟರ್ ತಾನೂ ನಿಲ್ಲುತ್ತದೆ; ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಸುವ ವ್ಯವಸ್ಥೆ ಅದು. ಸುಡುಬಿಸಿಲಿನಲ್ಲೂ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಅರ್ಧ ಕಟ್‌ನಲ್ಲಿ ನಿಂತು ಟೂಲ್ ಮುರಿಯುತ್ತದೆ. ಜನರೇಟರ್ ಜೊತೆ ಸೋಲಾರ್ ಓಡಿಸುವುದಾದರೆ ಕಂಟ್ರೋಲರ್ ಇಲ್ಲದೆ ಕೈಹಾಕಬೇಡಿ, ರಿವರ್ಸ್ ಪವರ್ ಹೊಡೆಯುತ್ತದೆ, ಅಂದರೆ ಸೋಲಾರ್ ವಿದ್ಯುತ್ ಜನರೇಟರ್‌ಗೇ ತಿರುಗಿ ನುಗ್ಗುತ್ತದೆ.

2023ರಲ್ಲಿ ಬಂದ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಗೆ 2050ಕ್ಕೆ ನಿವ್ವಳ ಶೂನ್ಯ ಇಂಗಾಲ ಹೊರಸೂಸುವಿಕೆಯ ಗುರಿಯಿದೆ. ನಾನು ಅದರ ಪರ. ಆದರೆ ಇಂಥ ಯೋಜನೆ ಸಣ್ಣ ಶೆಡ್‌ಗೆ ತಲುಪುವಾಗ ಚಾವಣಿಯ ಮೇಲಿನ ಕಿಲೋವಾಟ್ ಲೆಕ್ಕವಾಗಿಬಿಡುತ್ತದೆ. ಕೆಳಗಿನ ವೈರಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ. ಉತ್ಪಾದನೆಗೆ ಪೆಟ್ಟು ಬೀಳುವುದು ಅಲ್ಲೇ.

ಅಂದಹಾಗೆ, ಸೋಲಾರ್‌ಗಿಂತ ಮೊದಲು ಕಂಪ್ರೆಸರ್ ನೋಡಿ. ಎಲ್ಲ ಯಂತ್ರ ನಿಲ್ಲಿಸಿ ಅದೊಂದನ್ನೇ ಓಡಿಸಿ. ಮತ್ತೆ ಮತ್ತೆ ಲೋಡ್ ಆಗುತ್ತಿದ್ದರೆ (ಗಾಳಿ ತುಂಬತೊಡಗಿದರೆ) ಗಾಳಿ ಸೋರುತ್ತಿದೆ. ಸೋಪಿನ ನೀರು ಹಚ್ಚಿ ಕಪ್ಲಿಂಗ್‌ಗಳನ್ನು ಹುಡುಕಿ. ಒತ್ತಡ ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ವಿದ್ಯುತ್ ಸುಮಾರು ಶೇ 6ರಿಂದ 7 ಉಳಿಯುತ್ತದೆ. ಆದರೆ ಚಕ್ (ಯಂತ್ರದಲ್ಲಿ ಜಾಬ್ ಹಿಡಿಯುವ ಭಾಗ) ಹಿಡಿತಕ್ಕೆ ಬೇಕಾದ ಕನಿಷ್ಠ ಒತ್ತಡವನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಕೊಂಡೇ ಇಳಿಸಿ. ನಿಮ್ಮ ಮುಖ್ಯ ಪ್ಯಾನೆಲ್‌ನ ಬಾಗಿಲು ತೆಗೆದು ಫೋಟೊ ಹಾಕಿ, ಸಿಟಿ ಜಾಗ ಗುರುತಿಸಿ ಕೊಡುತ್ತೇನೆ.