ಕಿಲ್ಟ್ ಉಟ್ಟು ಓಡಬಹುದಾ? ಪಂಚೆ ಉಟ್ಟು?

ಪ್ರಶ್ನೆ: ಮಗ ಎಡಿನ್‌ಬರಾದಲ್ಲಿ ಓದು ಮುಗಿಸಿ ಬರುವಾಗ ನನಗೊಂದು ಕಿಲ್ಟ್ ತಂದಿದ್ದಾನೆ. ಸ್ಕಾಟ್ಲೆಂಡಿನ ಗಂಡಸರು ಮದುವೆಗಿದುವೆಗೆ ಉಡುವ ಚೌಕಳಿ ಲಂಗ ಇದೆಯಲ್ಲ, ಅದು. ನಮ್ಮ ವಾಕಿಂಗ್ ಗೆಳೆಯರೆಲ್ಲ ಸೇರಿ 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೇವೆ. ನೀನು ಅದನ್ನೇ ಉಟ್ಟು ಓಡು ಅಂತ ಎಲ್ಲರೂ ಪಟ್ಟು ಹಿಡಿದಿದ್ದಾರೆ. ದಾರೀಲಿ ಬಿಚ್ಚಿಹೋಗೋದಿಲ್ಲ ತಾನೇ? ಇನ್ನೊಂದು ವಿಷಯ, ಕೇಳೋಕೆ ನಾಚಿಕೆ: ಒಳಗೆ ಏನೂ ಹಾಕಬಾರದಂತೆ, ಹೌದಾ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಎರಡನೇದಕ್ಕೆ ಮೊದಲು ಉತ್ತರ ಹೇಳಿಬಿಡ್ತೀನಿ. ಹಾಕಲೇಬೇಕು ಸಾರ್. ಅಲ್ಲಿಯ ಹೈಲ್ಯಾಂಡ್ ಗೇಮ್ಸ್‌ನಲ್ಲಿ ಮರದ ದಿಮ್ಮಿ ಎತ್ತಿ ಎಸೆಯುವ ಪೈಲ್ವಾನರೇ ಕಿಲ್ಟ್ ಒಳಗೆ ಚಡ್ಡಿ ಹಾಕಿರುತ್ತಾರೆ, ನಿಮಗೇನು ಕಷ್ಟ? ಅಂಥ ಕೆಲಸ ಮಾಡುವಾಗಲೂ ಅವರ ಕಿಲ್ಟ್ ಜಾಗ ಬಿಟ್ಟು ಕದಲೋದಿಲ್ಲ, ಹಾಗಾಗಿ ಬಿಚ್ಚಿಹೋಗುವ ಭಯವನ್ನೂ ಬಿಡಿ. ನಿಮ್ಮನ್ನು ಕಾಡೋದು ತೂಕ ಮತ್ತು ಉಜ್ಜಾಟ.

ಸಂಪ್ರದಾಯದ ಕಿಲ್ಟ್‌ಗೆ ಸುಮಾರು 8 ಗಜ ಬಟ್ಟೆ ಬೇಕು. ನಮ್ಮ ಲೆಕ್ಕದಲ್ಲಿ 16 ಮೊಳ, ಅಂದರೆ ಅಜ್ಜಿಯರ ಹದಿನಾರು ಮೊಳದ ಸೀರೆಯ ಉದ್ದ, ಅದೂ ದಪ್ಪ ಉಣ್ಣೆ. ಮುಂದೆ ನೆರಿಗೆ ಇರೋದಿಲ್ಲ, ಸಪಾಟಾದ ಎರಡು ಪದರ ಒಂದರ ಮೇಲೊಂದು ಕೂರುತ್ತವೆ. ನೆರಿಗೆಯೆಲ್ಲ ಹಿಂದೆ. ಹಾಗಾಗಿ ಎರಡು ಕಿಲೋ ಆಸುಪಾಸಿನ ಭಾರದಲ್ಲಿ ಹೆಚ್ಚುಪಾಲು ನಿಮ್ಮ ಬೆನ್ನ ಕೆಳಗೆ ಜೋಲುತ್ತಿರುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಕುಡಿಯಬಲ್ಲದು. ಸ್ಕಾಟ್ಲೆಂಡಿನ ಚಳಿಗೆ ಅದು ಸರಿಯಾದ ಬಟ್ಟೆ. ಮೈಸೂರಲ್ಲಿ ಬೆಳಗ್ಗೆ ಆರು ಗಂಟೆಯ ತಂಪು ನಂಬಿ ಹೊರಟರೆ, ಎಂಟು ಗಂಟೆ ಬಿಸಿಲಿಗೆ ಸೊಂಟದಲ್ಲಿ ಒದ್ದೆ ಕಂಬಳಿ ಕಟ್ಟಿಕೊಂಡ ಹಾಗಾಗುತ್ತದೆ.

ಅದಕ್ಕೇ ನನ್ನ ಸಲಹೆ: ಮಗ ತಂದದ್ದನ್ನು ಮದುವೆಮನೆಗೆ ಇಟ್ಟುಕೊಳ್ಳಿ, ಓಟಕ್ಕೆ ಬೇರೆ ಹೊಲಿಸಿ. ಅಸಲಿ ಕಿಲ್ಟ್ ತೆಗೆದುಕೊಂಡು ನಿಮ್ಮ ಟೈಲರ್ ಹತ್ತಿರ ಹೋಗಿ ಅವರೆದುರು ತಿರುಗಿಸಿ ಹಿಡಿಯಿರಿ. ಸೊಂಟದಿಂದ ಪಿರ್ರೆಯವರೆಗೆ ಪ್ರತಿ ನೆರಿಗೆಯನ್ನೂ ಹೊಲಿದು ಕೂರಿಸಿರುತ್ತಾರೆ, ಅಲ್ಲಿಂದ ಕೆಳಗೆ ಮಾತ್ರ ಬಿಟ್ಟಿರುತ್ತಾರೆ. ಓಡುವಾಗ ಬಟ್ಟೆ ಗಟ್ಟಿಯಾಗಿ ಕೂತು, ಕಾಲಿಗೆ ಜಾಗ ಸಿಗೋದು ಈ ಹೊಲಿಗೆಯಿಂದಲೇ. ಟೈಲರ್ ಅದೊಂದನ್ನು ಸರಿಯಾಗಿ ಮಾಡಿದರೆ ಸಾಕು. 4 ಗಜದ ಹಗುರ ಕಿಲ್ಟ್‌ಗಳನ್ನು ಅಲ್ಲಿಯವರೂ ಹೊಲಿಸುತ್ತಾರೆ, ಆದ್ದರಿಂದ ಅವಮಾನವೇನಿಲ್ಲ. ತೆಳು ಟೆರಿಕಾಟ್ ಆಗುತ್ತದೆ. ಪೂರ್ತಿ ಕಾಟನ್ ಬೇಡ, ಒದ್ದೆಯಾದರೆ ತೊಡೆಗೆ ಅಂಟುತ್ತದೆ.

ಇಲ್ಲ, ಉಣ್ಣೆಯದನ್ನೇ ಉಡ್ತೀನಿ ಅಂದರೆ ಕೇಳಿ. ಕಿಲ್ಟ್ ನಿಲ್ಲೋದು ಪ್ಯಾಂಟ್ ನಿಲ್ಲುವ ಜಾಗದಲ್ಲಲ್ಲ, ಮೇಲೆ, ಹೊಕ್ಕಳ ಮಟ್ಟದಲ್ಲಿ. ಅಲ್ಲಿ ಬಕಲ್ ಬಿಗಿದರೆ ಓಡುವಾಗ ಹೊಟ್ಟೆ ತುಂಬ ಉಸಿರು ಎಳೆಯೋಕಾಗೋದಿಲ್ಲ. ಮನೇಲಿ ಹಾಕಿಕೊಂಡು ಜೋರಾಗಿ ಉಸಿರು ಎಳೆದು ನೋಡಿ, ಬೇಕಿದ್ದರೆ ಒಂದು ತೂತು ಸಡಿಲ ಮಾಡಿ, ಆಮೇಲೆ ನಿಂತಲ್ಲೇ ಕುಣಿದು ನೋಡಿ. ಜಾರಿದರೆ ಮತ್ತೆ ಬಿಗಿ ಮಾಡಿ. ಅಂಚು ಸಾಮಾನ್ಯವಾಗಿ ಮಂಡಿಗೆ ಬರುತ್ತದೆ. ಓಟಕ್ಕೆ ಎರಡು ಮೂರು ಬೆರಳು ಮೇಲಿರಲಿ. ಯಾಕಂದರೆ ಬೆವರಲ್ಲಿ ನೆಂದ ನೆರಿಗೆಯ ಅಂಚು ಮಂಡಿಯ ಹಿಂದಿನ ಮೆತ್ತನೆ ಚರ್ಮಕ್ಕೆ ಹೆಜ್ಜೆಹೆಜ್ಜೆಗೂ ಬಡಿಯುತ್ತದೆ. ಆರನೇ ಕಿಲೋಮೀಟರ್‌ವರೆಗೆ ಗೊತ್ತೇ ಆಗೋದಿಲ್ಲ, ಮನೆಗೆ ಬಂದು ಬಿಸಿನೀರು ಹುಯ್ದುಕೊಂಡಾಗ ಕೆಂಪಗೆ ಒಂದು ಗೆರೆ ಚುರ್ ಅನ್ನುತ್ತದೆ. ಅಲ್ಲಿಗೂ ತೊಡೆ ಸಂದಿಗೂ ವ್ಯಾಸಲೀನ್ ಹಚ್ಚಿ. ಕೊಬ್ಬರಿ ಎಣ್ಣೆ ಬೇಗ ಇಂಗಿಹೋಗುತ್ತದೆ, ಅಷ್ಟು ಹೊತ್ತು ತಡೆಯೋದಿಲ್ಲ. ಒಳಗೆ ಸೈಕ್ಲಿಂಗ್‌ನವರು ಹಾಕುವಂಥ ಮೈಗಂಟುವ ಉದ್ದ ಶಾರ್ಟ್ಸ್ ಇರಲಿ.

ಮುಂದೆ ಸರಪಳಿಯಲ್ಲಿ ನೇತಾಡುವ ಚರ್ಮದ ಚೀಲ, ಸ್ಪೊರನ್ ಅಂತಾರೆ, ಅದನ್ನು ಮನೇಲೇ ಬಿಡಿ. ಎಲ್ಲಿ ಬಡಿಯುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಂಡಿವರೆಗಿನ ಉಣ್ಣೆ ಕಾಲುಚೀಲವೂ ಬೇಡ. ಕಿಲ್ಟ್ ಪಿನ್ ಮೇಲಿನ ಪದರಕ್ಕೆ ಮಾತ್ರ ಚುಚ್ಚುವಂಥದ್ದು, ಭಾರಕ್ಕೆ. ಎರಡೂ ಪದರ ಸೇರಿಸಿ ಚುಚ್ಚಿದರೆ ಓಡುವಾಗ ಬಟ್ಟೆ ಹರಿಯುತ್ತದೆ. ಬೆಟ್ಟದ ರಸ್ತೆ ಇಳಿಯುವಾಗ ಎದುರುಗಾಳಿಗೆ ಮುಂದಿನ ಪದರ ಏಳುತ್ತೆ ಅನ್ನಿಸಿದರೆ ಒಳಗಡೆ ಎರಡು ಟಿಚ್ ಬಟನ್ ಹಾಕಿಸಿ. ನಂಬರಿನ ಚೀಟಿ ಟೀ ಶರ್ಟ್ ಮೇಲೇ ಇರಲಿ.

ಓಟದ ದಿನವೇ ಮೊದಲ ಸಲ ಉಡಬೇಡಿ. ಒಂದೆರಡು ವಾರ ಮುಂಚೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡಿ ನೋಡಿ. ‘ಏನ್ ಸಾರ್ ಇದು ವೇಷ’ ಅಂತ ನಾಲ್ಕು ಜನ ಕೇಳೇ ಕೇಳ್ತಾರೆ. 1746ರಲ್ಲಿ ಬ್ರಿಟಿಷ್ ಸರ್ಕಾರ ಹೈಲ್ಯಾಂಡ್ ಜನರ ಬಂಡಾಯ ಅಡಗಿಸಿದ ಮೇಲೆ ಅಲ್ಲಿ ಕಿಲ್ಟ್ ಉಟ್ಟು ಸಿಕ್ಕಿಬಿದ್ದವರಿಗೆ ಆರು ತಿಂಗಳು ಜೈಲು ಅಂತ ಕಾನೂನು ಮಾಡಿತ್ತು, ಅದು ಹೋಗಿದ್ದು 1782ರಲ್ಲಿ. ನಿಮಗೆ ಬರೀ ನಗು ತಾನೇ, ಸಹಿಸಿಕೊಳ್ಳಿ. ಪಟ್ಟು ಹಿಡಿದ ಗೆಳೆಯರಲ್ಲಿ ಒಬ್ಬರಿಗಾದರೂ ಜೊತೆಗೆ ಉಡಿಸಿ, ಆಗ ಮಜಾ.

ಪ್ರಶ್ನೆ: ದಿನಾ ಬೆಳಗ್ಗೆ ನಾಲೆ ಏರಿ ಮೇಲೆ ಓಡ್ತೀನಿ. ಮೈಸೂರಲ್ಲಿ ಹಾಫ್ ಮ್ಯಾರಥಾನ್‌ಗೆ ಪಂಚೆ ಉಟ್ಟು ಓಡಬೇಕು ಅಂತ ಆಸೆ. ಬಿಡ್ತಾರಾ?
– ರೈತ, ಮಂಡ್ಯ ತಾಲ್ಲೂಕು

ಉತ್ತರ: ಅಥ್ಲೆಟಿಕ್ಸ್ ನಿಯಮ ಕೇಳೋದು ಇಷ್ಟೇ: ಬಟ್ಟೆ ಚೊಕ್ಕಟವಾಗಿರಬೇಕು, ನೋಡುವವರಿಗೆ ಮುಜುಗರ ಆಗಬಾರದು, ಒದ್ದೆಯಾದರೂ ಒಳಗಿನದು ಕಾಣಬಾರದು. ಈ ಕೊನೇದು ಬಿಳಿ ಪಂಚೆಯವರನ್ನೇ ನೋಡಿ ಬರೆದ ಹಾಗಿದೆ ಅಲ್ವಾ? ಒಳಗೆ ಶಾರ್ಟ್ಸ್ ಹಾಕಿ, ಓಟ ನಡೆಸುವವರಿಗೆ ಮೊದಲೇ ಒಂದು ಫೋನ್ ಮಾಡಿ.

ಸುಮ್ನೆ ಸುತ್ತಿ ಮಂಡಿ ಮೇಲಕ್ಕೆ ಎತ್ತಿ ಕಟ್ಟಿದರೆ ಆಗೋದಿಲ್ಲ. ಗದ್ದೆ ಬದುವಿನ ಮೇಲೆ ಅದು ಚೆನ್ನ, 21 ಕಿಲೋಮೀಟರ್‌ಗೆ ಗಂಟು ಸಡಿಲವಾಗಿ ಒಂದು ಕೈ ಸದಾ ಸೊಂಟದಲ್ಲೇ ಇರುತ್ತದೆ. ಕಚ್ಚೆ ಹಾಕಿ. ಎರಡು ಕಾಲಿಗೂ ಬೇರೆಬೇರೆ ಬಟ್ಟೆ ಆಗುತ್ತದೆ, ಓಡೋಕೆ ಅದು ಕಿಲ್ಟ್‌ಗಿಂತ ಒಂದು ಕೈ ಮೇಲು ಅಂತಲೇ ನನ್ನ ಅಭಿಪ್ರಾಯ. ಹಿಂದೆ ಸಿಕ್ಕಿಸಿದ ಕಚ್ಚೆ ಮಾತ್ರ ನಿಧಾನಕ್ಕೆ ಜಾರುತ್ತದೆ, ಅಲ್ಲೊಂದು ಸೇಫ್ಟಿ ಪಿನ್ ಹಾಕಿ ಮೇಲೆ ಎಲಾಸ್ಟಿಕ್ ಬೆಲ್ಟ್ ಕಟ್ಟಿ. ಉಡಿದಾರ ನಂಬಬೇಡಿ. ಜರಿ ಅಂಚಿನ ಹೊಸ ಪಂಚೆ ಬೇಡ, ಆ ಜರಿ ತೊಡೆಯನ್ನು ಗೀರಿಹಾಕುತ್ತದೆ. ಗಂಜಿಯೂ ಬೇಡ. ಒಗೆದೂ ಒಗೆದೂ ಮೆತ್ತಗಾದ ಹಳೇ ಪಂಚೆ ಇದ್ದರೆ ಅದೇ ಸರಿ.

ಪ್ರಶ್ನೆ: ಸೀರೆ ಉಟ್ಟು 5 ಕಿಲೋಮೀಟರ್ ಓಡ್ತೀನಿ. ಪಿನ್ ಎಲ್ಲೆಲ್ಲಿ ಹಾಕಲಿ?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ಭುಜಕ್ಕೊಂದು, ಸೊಂಟದ ಹತ್ತಿರ ನೆರಿಗೆಗೊಂದು. ಸೆರಗನ್ನು ಹಿಂದಿನಿಂದ ತಂದು ಸಿಕ್ಕಿಸಿ. ಒಳಲಂಗ ಬಿಟ್ಟು ಲೆಗ್ಗಿಂಗ್ಸ್ ಹಾಕಿ, ಅದರ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿದು ಸೀರೆಯನ್ನು ಅದಕ್ಕೇ ಸಿಕ್ಕಿಸಿ. ಲಂಗದ ಲಾಡಿ ಸೊಂಟ ಕೊರೆಯುವ ಕಾಟವೂ ತಪ್ಪುತ್ತದೆ. ಪಾದ ಪೂರ್ತಿ ಕಾಣುವಷ್ಟು ಎತ್ತಿ ಉಡಿ, ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಮುಂದಿನ ನೆರಿಗೆ ತುಳಿದೇ.